ಬೆಳ್ಳಿನಾಡಿನ ಆವಿಗೆ

ಬಲು ಹಿಂದಿನ ಮಾತು. ಮೂಡಣ ಗುಡ್ಡಗಳ ತಪ್ಪಲಿನಲ್ಲಿ ಕೆಮ್ಮಣ್ಣುಸೀಮೆ ಎಂಬ ರಾಜ್ಯವಿತ್ತು. ಅರಮನೆಯ ಕಂಬಗಳಿಂದ ಹಿಡಿದು ಅಂಬಲಿ ಕುಡಿಯುವ ಬಟ್ಟಲಿನವರೆಗೆ ಅಲ್ಲಿ ಎಲ್ಲವೂ ಸುಟ್ಟ ಮಣ್ಣಿನದೇ. ಹಾಗಾಗಿ ಮಂತ್ರಿಗಳಿಗಿಂತ ಕುಂಬಾರರಿಗೆ ಹೆಚ್ಚು ಮರ್ಯಾದೆ. ಮಂತ್ರಿಗಳಿಗೆ ಇದು ಅಷ್ಟೇನೂ ಇಷ್ಟವಿರಲಿಲ್ಲ, ಆದರೆ ಅವರೂ ಮಡಕೆಯ ನೀರನ್ನೇ ಕುಡಿಯಬೇಕಲ್ಲ.

ಅಲ್ಲಿನ ಕುಂಬಾರರಿಗೆ ಒಂದು ಕಟ್ಟಳೆಯಿತ್ತು. ಮಡಕೆ ಸುಡುವ ಆವಿಗೆಗೆ ಬೆಂಕಿ ಇಟ್ಟ ಗಳಿಗೆಯಿಂದ, ಅದು ಪೂರಾ ತಣ್ಣಗಾಗಿ ಮಡಕೆ ಹೊರಗೆ ಬರುವವರೆಗೆ, ಮಡಕೆ ಯಾರದೋ ಅವರು ಬಾಯಿ ಬಿಡುವಂತಿಲ್ಲ. ಮಾತಿಗೆ ನಿಂತವರ ಕೈ ಅವಸರ ಮಾಡುತ್ತದೆ. ಅವಸರ ಮಾಡಿ ಕಾದ ಮಡಕೆಯನ್ನು ಹೊರಗೆಳೆದರೆ ತಣ್ಣನೆ ಗಾಳಿ ತಾಗಿ ಅದು ಠಣ್ಣೆಂದು ಸೀಳುತ್ತದೆ. ಆಮೇಲೆ ಅಳುವುದಷ್ಟೇ ಉಳಿಯುತ್ತದೆ.

ಆ ಸೀಮೆಯಲ್ಲಿ ನೇರಳೆ ಎಂಬ ಕುಂಬಾರಗಿತ್ತಿ ಇದ್ದಳು. ವಯಸ್ಸು ನಲವತ್ತು. ಮದುವೆಯಾಗಿರಲಿಲ್ಲ, ಏಕೆಂದರೆ ತಾಯಿ ಸತ್ತಾಗ ತಮ್ಮ ಬಿಲ್ಲ ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡುವಷ್ಟರಲ್ಲಿ ಅವಳ ಪ್ರಾಯ ಕಳೆಯಿತು. ಅಕ್ಕ ಎಷ್ಟು ಮೌನಿಯೋ ತಮ್ಮ ಅಷ್ಟು ಮಾತುಗಾರ. ಆವಿಗೆಯ ಮುಂದೆ ಅವನ ಬಾಯಿ ಮುಚ್ಚಿಸಲಾಗದೆ ಅವಳು ಅವನನ್ನು ರಾಜನ ಕುದುರೆಪಡೆಗೆ ಸೇರಿಸಿದಳು. ಹಾಗೆ ಮಾಡಿದ್ದಕ್ಕೆ ಮುಂದೆ ತುಂಬ ಮರುಗಿದಳು.

ನಸುಕಿನಲ್ಲಿ ಹೊಳೆಯುವ ಬೆಳ್ಳಿಯನ್ನು ನೀವೂ ನೋಡಿರುತ್ತೀರಿ. ಅಷ್ಟು ಚೆಂದದ ಚುಕ್ಕಿ ಇನ್ನೊಂದಿಲ್ಲ. ಆದರೆ ಅದು ಚುಕ್ಕಿಯಲ್ಲ, ಒಂದು ನಾಡು. ಮೊದಲು ಅಲ್ಲಿ ಕಡಲಿತ್ತು, ಹೊಳೆಗಳಿದ್ದವು, ಮುಸುಕರಾಯ ಎಂಬ ದೊರೆಯಿದ್ದ. ಅವನು ದೊಡ್ಡ ಮಾಂತ್ರಿಕ, ಆದರೆ ಚಳಿಗೆ ವಿಪರೀತ ಹೆದರುತ್ತಿದ್ದ. ಸಂಜೆಯಾದರೆ ನೆಲದ ಬಿಸಿ ಆಕಾಶಕ್ಕೆ ಹೋಗಿಬಿಡುತ್ತದಲ್ಲ, ಅದನ್ನು ಅವನಿಗೆ ತಡೆಯಲಾಗುತ್ತಿರಲಿಲ್ಲ. ಹೊಗೆಯನ್ನೂ ಗಂಧಕವನ್ನೂ ನೂತು ನಾಡಿಗೆಲ್ಲ ಒಂದು ಹಳದಿ ಮುಸುಕು ಹೊದಿಸಿದ. ಬಿಸಿಲು ಒಳಗೆ ಬರುತ್ತಿತ್ತು, ಬಿಸಿ ಹೊರಗೆ ಹೋಗುತ್ತಿರಲಿಲ್ಲ. ಹೊಳೆ ಬತ್ತಿತು, ಕಡಲು ಕುದಿದು ಆರಿತು, ಸೀಸ ಕರಗಿ ಹರಿಯುವಷ್ಟು ನೆಲ ಕಾಯಿತು. ಆದರೂ ಅವನ ಚಳಿ ಬಿಡಲಿಲ್ಲ. ಮುಸುಕಿನ ಮೇಲೆ ಮುಸುಕು ಹೊಲಿಯುತ್ತಲೇ ಹೋದ.

ಒಂದು ವರ್ಷ, ಬೆಳೆಯುತ್ತ ಬೆಳೆಯುತ್ತ ಆಕಾಶದಿಂದ ಜೋತ ಆ ಮುಸುಕಿನ ಸೆರಗು ಬಂದು ಮೂಡಣ ಗುಡ್ಡದ ಮೇಲೆ ಬಿತ್ತು. ಬಿದ್ದ ಕಡೆ ಬಾವಿಯ ನೀರು ಕುದಿಯಿತು, ಹಾರುವ ಹಕ್ಕಿ ಕೆಳಗೆ ಬಿತ್ತು. ಗುಡ್ಡದ ಊರಿನವರು ಎದ್ದು ಓಡಿ ಬಂದರು. ಸೆರಗು ದಿನಕ್ಕೊಂದು ಗೇಣು ಕೆಳಗಿಳಿಯುತ್ತಿತ್ತು.

ಚಿತ್ತರಸ ಎಂಬ ರಾಜ, ಒಳ್ಳೆಯವನೇ ಪಾಪ, ಮುಸುಕಿನೊಳಗೆ ಏನಿದೆಯೆಂದು ನೋಡಿ ಬರಲು ಆಳು ಕಳಿಸಿದ. ಅವನ ಬಳಿ ಜೋಡಿಶಂಖಗಳಿದ್ದವು. ಒಂದು ಶಂಖದಲ್ಲಿ ಆಡಿದ ಮಾತು ಎಷ್ಟು ದೂರವಿದ್ದರೂ ಅದರ ಜೋಡಿಯಲ್ಲಿ ಕೇಳಿಸುತ್ತಿತ್ತು. ಮೊದಲು ಏಳು ಜನ ಕಬ್ಬಿಣದ ಗುಂಡಿನೊಳಗೆ ಕೂತು ಹೋದರು. "ಮೋಡ, ಬರೀ ಮೋಡ" ಎಂದಿತು ಶಂಖ. ಆಮೇಲೆ "ಕಬ್ಬಿಣ ತೂತು ಬೀಳ್ತಿದೆ, ಮಳೆ ಹುಳಿ" ಎಂದಿತು. ಆಮೇಲೆ ಏನೂ ಇಲ್ಲ. ಎರಡನೆಯ ಸಲ ಹತ್ತು ಜನ ತಾಮ್ರದ ಗುಂಡಿನಲ್ಲಿ ಹೋದರು. ಅವರ ಮಾತು ಇನ್ನೊಂದಿಷ್ಟು ಹೊತ್ತು ನಡೆದು ನಿಂತಿತು.

ಮೂರನೆಯ ಸಲ ಬಿಲ್ಲ ಮುಂದೆ ಬಂದ. ಅಂಗೈ ಅಗಲದಷ್ಟು ದಪ್ಪನೆಯ ಹಿತ್ತಾಳೆಯ ಗುಂಡು ಮಾಡಿಸಿ, ಮೇಲೆ ಅರಗು ಬಳಿಸಿದ. ನೇರಳೆ ಹೋಗಿ ನೋಡಿದಳು.

"ಇದಕ್ಕೆ ತೂತು ಎಲ್ಲಿ?"

"ತೂತು ಯಾಕಕ್ಕ? ಸಾಸಿವೆ ತೂರೋವಷ್ಟೂ ಸಂದಿಲ್ಲ. ಅದೇ ಇದರ ಗಟ್ಟಿತನ."

"ಬಿಲ್ಲ, ಉಸಿರಾಡದ ಪಾತ್ರೆ ಆವಿಗೆಯಲ್ಲಿ ಉಳಿಯಲ್ಲ."

"ನಾನೇನು ಮಡಕೆಯಾ?" ಎಂದು ನಕ್ಕು ಅವನು ಒಳಗೆ ಕೂತ.

ಬಿಲ್ಲನ ಶಂಖ ಎಲ್ಲರದಕ್ಕಿಂತ ಹೆಚ್ಚು ಹೊತ್ತು ಮಾತಾಡಿತು. ಗಾಳಿ ಹೇಗೆ ಓಡುತ್ತದೆ, ಮಳೆ ಹೇಗೆ ನೆಲ ಮುಟ್ಟುವ ಮೊದಲೇ ನಡುವೆ ಆವಿಯಾಗುತ್ತದೆ, ಎಲ್ಲ ಹೇಳಿದ. ರಾಜನ ಪಕ್ಕದಲ್ಲಿ ಕೂತು ನೇರಳೆ ಕೇಳುತ್ತಿದ್ದಳು. ಆಗ ಬಿಲ್ಲ ಅಂದ, "ಯಾರೋ ಹೊರಗಿಂದ ಕೇಳ್ತಾ ಇದಾರೆ. ಬೆಚ್ಚಗಿದ್ದೀಯಾ ಅಂತ."

"ಉತ್ತರ ಕೊಡಬೇಡ" ಎಂದು ನೇರಳೆ ಶಂಖದೊಳಗೆ ಕೂಗಿದಳು.

ಬಿಲ್ಲನ ಬಾಯಿ ಯಾವಾಗ ಸುಮ್ಮನಿತ್ತು? "ಹೂಂ, ಬೆಚ್ಚಗಿದ್ದೀನಿ" ಎಂದುಬಿಟ್ಟ. "ಹಾಗಾದರೆ ಕೊಡು" ಎಂದಿತು ಇನ್ನೊಂದು ದನಿ. ಹಿತ್ತಾಳೆ ಮುದುಡುವ ಸದ್ದು ಕೇಳಿತು. ಆಮೇಲೆ ಶಂಖ ಸುಮ್ಮನಾಗಲಿಲ್ಲ. ಸುಮ್ಮನಾಗಿದ್ದರೆ ಸತ್ತನೆಂದು ಅತ್ತು ಬಿಡಬಹುದಿತ್ತು. ಅದರೊಳಗಿಂದ ಬಿಲ್ಲನ ದನಿ ಸಣ್ಣಗೆ ಬರುತ್ತಲೇ ಇತ್ತು. "ಅಕ್ಕ, ಉರಿ. ತೆಗಿ ನನ್ನ." ಒಂಬತ್ತು ದಿನವಾದರೂ ನಿಲ್ಲಲಿಲ್ಲ. ಅರಮನೆಯವರು ಕಿವಿಗೆ ಬಟ್ಟೆ ಇಟ್ಟುಕೊಂಡು ಓಡಾಡಿದರು.

"ಸಾವಿರ ಜನ ಸುತ್ತಿಗೆ ಹಿಡಿದು ಹೋಗಲಿ" ಎಂದ ರಾಜ. "ಮುಸುಕನ್ನೇ ಹರಿದು ಹಾಕಲಿ."

"ಬೇಡ ಪ್ರಭು" ಎಂದಳು ನೇರಳೆ. "ಅದು ಆವಿಗೆ. ಹರಿದರೆ ಒಳಗಿರೋದೆಲ್ಲ ಒಡೆದು ಹೋಗ್ತದೆ. ನನ್ನ ತಮ್ಮ ಒಳಗವನೆ. ನಾನು ಹೋಗ್ತೀನಿ."

"ಒಬ್ಬಳೇ?"

"ಆವಿಗೆ ನೋಡೋಕೆ ಒಬ್ಬರು ಸಾಕು."

ಅವಳು ಆಳೆತ್ತರದ ಒಂದು ಗುಡಾಣ ಮಾಡಿ, ಮೈ ತೂರುವಷ್ಟು ಅಗಲದ ಉದ್ದನೆ ಕಂಠ ಕೂರಿಸಿ, ಅದಕ್ಕೊಂದು ಮುಚ್ಚಳ ಮಾಡಿ, ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತಿಟ್ಟು ಸುಟ್ಟಳು. ಆಮೇಲೆ ಮನೆಯ ಮೂಲೆಯ ತೊಟ್ಟಿಯಿಂದ ಹಳೆಮಣ್ಣಿನ ಉಂಡೆ ತೆಗೆದಳು. ಒಂಬತ್ತು ತಲೆಮಾರಿನಿಂದ ಬಂದ ಉಂಡೆ ಅದು. ಹೊಸ ಮಣ್ಣು ಕಲಸುವಾಗಲೆಲ್ಲ ಅದರಿಂದ ಒಂದು ಚಿಟಿಕೆ ಬೆರೆಸಬೇಕು, ಕಲಸಿದ್ದರಲ್ಲಿ ಒಂದು ಚಿಟಿಕೆ ಮತ್ತೆ ಅದಕ್ಕೆ ಸೇರಿಸಬೇಕು. ಅದು ಹಸಿ ಇರುವವರೆಗೆ ಯಾವ ಬೆಂಕಿಯೂ ಅದನ್ನು ದಾಟುವುದಿಲ್ಲ. ಅದು ಮುಗಿದರೆ ಆ ಮನೆಯ ಕುಂಬಾರಿಕೆ ಮುಗಿದ ಹಾಗೆ. ನೇರಳೆ ಇಡೀ ಉಂಡೆಯನ್ನು ಮೈಗೆ, ಮುಖಕ್ಕೆ, ರೆಪ್ಪೆಗೆ ಮೆತ್ತಿಕೊಂಡಳು. ಅದು ಒಣಗಿ ಬಿರುಕು ಬಿಟ್ಟರೆ ತಾನು ಒಳಗೇ ಸುಟ್ಟು ಕಲ್ಲಾಗುತ್ತೇನೆಂದು ಅವಳಿಗೆ ಗೊತ್ತಿತ್ತು. ಗುಡಾಣದೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳುವ ಮುಂಚೆ ತುಟಿಗಳ ಮೇಲೂ ಮಣ್ಣು ಬಳಿದುಕೊಂಡಳು. ಅಲ್ಲಿಂದಾಚೆಗೆ ಅವಳು ಮಾತಾಡಲಿಲ್ಲ.

ರಾಜನ ಆಳುಗಳು ಗುಡಾಣವನ್ನು ಸೆರಗಿನ ಅಂಚಿಗೆ ನೂಕಿದ್ದೇ ತಡ, ಒಳಗಿನ ಗಾಳಿ ಅದನ್ನು ಸೆಳೆದುಕೊಂಡಿತು.

ಮುಸುಕಿನ ಮೇಲಂತಸ್ತಿನಲ್ಲಿ ಗಾಳಿಗೂಳಿಗಳಿದ್ದವು. ಬೂದಿಬಣ್ಣದ ಮೈ, ಕಣ್ಣಿಲ್ಲದ ಮುಖ. ನಾಲ್ಕೇ ದಿನಕ್ಕೆ ಇಡೀ ಬೆಳ್ಳಿನಾಡನ್ನು ಸುತ್ತಿಬರುತ್ತಿದ್ದವು. ಕೆಳಗಿನ ನೆಲವೋ ಬಲು ಸೋಮಾರಿ, ಅಲ್ಲಿ ಒಂದು ಹಗಲು ಕಳೆಯುವಷ್ಟರಲ್ಲಿ ನಮ್ಮಲ್ಲಿ ಎರಡು ತಿಂಗಳು ಕಳೆಯುತ್ತದೆ. ಗೂಳಿಗಳು ಗುಡಾಣವನ್ನು ಕೊಂಬಿನ ಮೇಲೆ ತಗೊಂಡು ಓಡಿದವು. ಹುಳಿಮಳೆ ಹೊಯ್ಯಿತು. ಕಬ್ಬಿಣವನ್ನು ತಿನ್ನುವ ಆ ಮಳೆಗೆ ಸುಟ್ಟ ಮಣ್ಣನ್ನು ತಿನ್ನಲಾಗಲಿಲ್ಲ. ಆದರೆ ಗುಡಾಣ ತಿರುಗುತ್ತಿತ್ತು. ತಿರುಗುವ ರಭಸಕ್ಕೆ ಮೈ ಒಂದು ಕಡೆಗೆ ಎಳೆದು ಹರಿದು ಹೋಗುತ್ತದೇನೋ ಅನ್ನಿಸಿತು. ನೇರಳೆ ಗೋಡೆ ಹಿಡಿದು ನಿಲ್ಲಲು ಕೈ ಚಾಚಿದಳು, ಚಾಚಿದವಳು ಹಿಂದಕ್ಕೆಳೆದುಕೊಂಡಳು. ತಿರುಗುವ ತಿಗರಿಯ ಚಕ್ರದ ಮೇಲೆ ಅಂಚು ಹಿಡಿದ ಮಣ್ಣು ಹಾರಿಹೋಗುತ್ತದೆ, ನಡುವಿಗೆ ಕೂತದ್ದು ಉಳಿಯುತ್ತದೆ. ಅವಳು ಮೊಣಕಾಲು ಮಡಚಿ ನಟ್ಟನಡುವೆ ಮುದುಡಿ ಕೂತಳು.

ಆಗ ಕಂಠದ ಹತ್ತಿರ ಯಾರೋ ಉಸಿರು ಬಿಟ್ಟರು. ಮೆಲ್ಲಗೆ, ಮನೆಯವರ ಹಾಗೆ ಕೇಳಿದರು, "ಬೆಚ್ಚಗಿದ್ದೀಯಾ?"

ನೇರಳೆ ಬಾಯಿ ಬಿಡಲಿಲ್ಲ. ಅದು ಒಂದಷ್ಟು ಹೊತ್ತು ಕಾಯಿತು. ಹೋಯಿತು. ಗೂಳಿಗಳು ದಣಿದು ಗುಡಾಣವನ್ನು ಕೆಳಗೆ ಬಿಟ್ಟವು.

ಗುಡಾಣ ಬೀಳಲಿಲ್ಲ, ಮುಳುಗಿತು. ಕೆಳಗಿನ ಗಾಳಿ ಅಷ್ಟು ದಪ್ಪ. ಇಳಿದಷ್ಟೂ ಅದರ ಭಾರ ಹೆಚ್ಚಾಯಿತು. ಗುಡಾಣ ಸುತ್ತಲಿಂದ ಕಿರ್ರೆಂದಿತು. ತಳದ ತೂತಿನಿಂದ ಬಿಸಿಗಾಳಿ ಸಿಳ್ಳೆ ಹಾಕುತ್ತ ಒಳನುಗ್ಗಿ ಅವಳ ಎದೆಯ ಮೇಲೆ ಕೂತಿತು. ತೂತನ್ನು ಹಿಮ್ಮಡಿಯಿಂದ ಮುಚ್ಚಿಬಿಡಲೇ ಎಂದು ಅವಳಿಗೆ ಅನ್ನಿಸಿತು. ಹೆದರಿದ ಯಾರಾದರೂ ಅದನ್ನೇ ಮಾಡುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲೇ ಏನೋ ತೇಲಿಹೋಯಿತು. ತೂತಿನಿಂದ ಇಣುಕಿ ನೋಡಿದಳು. ಹಿತ್ತಾಳೆಯ ಒಂದು ಗುಂಡು, ಕೈಯಲ್ಲಿ ಹಿಂಡಿ ಬಿಸಾಡಿದ ನಿಂಬೆಯ ಹಾಗೆ ಮುದುಡಿತ್ತು. ಅದರ ಮೇಲೆ ಕರಗಿ ಸುಟ್ಟ ಅರಗಿನ ಕಲೆ ಇನ್ನೂ ಇತ್ತು. ನೇರಳೆಯ ಕಣ್ಣಲ್ಲಿ ನೀರು ಬಂದು ಅಲ್ಲೇ ಆರಿತು. ಅವಳು ಕಾಲನ್ನು ಹಿಂದಕ್ಕೆ ತೆಗೆದಳು. ಒಳಗೂ ಹೊರಗೂ ಭಾರ ಒಂದಾದ ಮೇಲೆ ಗುಡಾಣ ಕಿರುಗುಟ್ಟುವುದು ನಿಂತಿತು.

"ಬೆಚ್ಚಗಿದ್ದೀಯಾ?" ಈ ಸಲ ದನಿ ತೂತಿನಿಂದ ಬಂತು, ಅವಳ ಕಾಲ ಬೆರಳಿನ ಹತ್ತಿರದಿಂದ. ಹಲ್ಲು ಕಟಕಟ ಎನ್ನುವುದೂ ಕೇಳಿಸಿತು. ಅವಳು ಉಸಿರು ಬಿಗಿಹಿಡಿದಳು. ಅದು ಬಹಳ ಹೊತ್ತು ಕಾಯಿತು. ಹೋಯಿತು.

ನೆಲ ಸಿಕ್ಕಿತು. ನೇರಳೆ ಮುಚ್ಚಳ ತೆಗೆದು ಹೊರಗೆ ಬಂದಳು.

ನಾನು ಕತೆ ಹೇಳುವವನು, ಎಷ್ಟೋ ಕಾಡು, ಎಷ್ಟೋ ಮಸಣ ಬಣ್ಣಿಸಿದ್ದೇನೆ. ಆ ನೆಲವನ್ನು ಬಣ್ಣಿಸಲು ಮಾತ್ರ ನನಗೆ ಈಗಲೂ ಹೆದರಿಕೆ. ಕೆಂಡ ಆರುವಾಗಿನ ಕಿತ್ತಳೆ ಬೆಳಕು ಎಲ್ಲ ಕಡೆಗೂ ಒಂದೇ ಸಮ. ಸೂರ್ಯ ಎಲ್ಲಿದ್ದಾನೆಂದು ತಿಳಿಯುವುದಿಲ್ಲ, ಅವಳಿಗೆ ನೆರಳೇ ಇರಲಿಲ್ಲ. ನೆಲ ದೂರ ಹೋದಂತೆ ಅಂಚು ಮೇಲಕ್ಕೆದ್ದು ಕಾಣುತ್ತಿತ್ತು. ದೊಡ್ಡದೊಂದು ಮಡಕೆಯ ತಳದಲ್ಲಿ ನಿಂತಿದ್ದೇನೆಂದು ಅವಳಿಗೆ ಅನ್ನಿಸಿತು. ಎತ್ತ ನೋಡಿದರೂ ಚಪ್ಪಡಿಕಲ್ಲುಗಳು, ಒಂದರ ಪಕ್ಕ ಒಂದು. ಎಲ್ಲ ಕಲ್ಲುಗಳೂ ಸಣ್ಣಗೆ ಮಾತಾಡುತ್ತಿದ್ದವು.

"ಹೂಂ, ಬೆಚ್ಚಗಿದ್ದೀನಿ." "ಬೆಚ್ಚಗಿದ್ದೀನಿ." "ಬೆಚ್ಚಗಿದ್ದೀವಿ ಸ್ವಾಮಿ."

ಮಾಂತ್ರಿಕನಿಗೆ ಮೈಯ ಬಿಸಿ ಕೊಟ್ಟವರೆಲ್ಲ ಅಲ್ಲಿ ಕಲ್ಲಾಗಿ ಬೇಯುತ್ತಿದ್ದರು. ಒಂದು ಚಪ್ಪಡಿ ಮಾತ್ರ ಮೌನವಾಗಿತ್ತು. ಅದರ ಅಡಿಯಲ್ಲಿ ಯಾರೋ ಸನಿಕೆ ಹಾಕಿ ಮೀಟಿದ್ದರು. ಅದು ಎರಡಾಗಿ ಸೀಳಿತ್ತು. ಮೀಟಿದವನು ಆ ಕಲ್ಲಾದವನ ಗೆಳೆಯ, ಈಗ ಪಕ್ಕದ ಚಪ್ಪಡಿಯಾಗಿದ್ದ, ಅವನು "ತಪ್ಪಾಯ್ತು, ತಪ್ಪಾಯ್ತು" ಎನ್ನುತ್ತಿದ್ದ. ನೇರಳೆ ಅದನ್ನು ನೋಡಿಕೊಂಡು ಮುಂದೆ ನಡೆದಳು.

ಬಿಲ್ಲನ ಕಲ್ಲನ್ನು ದನಿಯಿಂದಲೇ ಗುರುತಿಸಿದಳು. ಅದರ ಎದೆಯಲ್ಲಿ ಶಂಖ ಅರ್ಧ ಹುದುಗಿತ್ತು. ಅವಳ ಹೆಜ್ಜೆ ಸದ್ದು ಅವನಿಗೂ ಗುರುತು.

"ಅಕ್ಕ? ಬಂದ್ಯಾ? ಎತ್ತು ನನ್ನ, ಉರಿ ತಡೆಯೋಕಾಗಲ್ಲ."

ಅವಳು ಕಲ್ಲಿನ ಮೇಲೆ ಅಂಗೈ ಇಟ್ಟಳು. ಎಷ್ಟು ಕಾದಿತ್ತೆಂದರೆ ಕೈಯ ಮಣ್ಣು ಚುರ್ರೆಂದಿತು. ಎದ್ದು ಗುಡಾಣವನ್ನು ಸೊಂಟದ ಮೇಲಿಟ್ಟುಕೊಂಡಳು, ದಪ್ಪ ಗಾಳಿಯಲ್ಲಿ ಅದಕ್ಕೆ ಭಾರವೇ ಇರಲಿಲ್ಲ. ದೂರದಲ್ಲಿ ಎತ್ತರಕ್ಕೆ ನಿಂತಿದ್ದ ಒಂದು ಬೆಟ್ಟದ ಕಡೆ ತಿರುಗಿದಳು.

"ಅಕ್ಕ, ಎಲ್ಲಿಗೆ? ನಾನು ಇಲ್ಲೇ ಇದ್ದೀನಿ. ಅಕ್ಕ." ಹಿಂದಿನಿಂದ ಅವನು ಕೂಗುತ್ತಲೇ ಇದ್ದ. ಅವಳು ತಿರುಗಿ ನೋಡಲಿಲ್ಲ.

ಬೆಟ್ಟದ ತುದಿಯಲ್ಲಿ ಲೋಹದ ಇಬ್ಬನಿ ಬಿದ್ದು ಬೆಳ್ಳಗೆ ಹೆಪ್ಪುಗಟ್ಟಿತ್ತು. ಮುಸುಕು ಅಲ್ಲಿ ತಲೆಗೆ ತಾಗುವಷ್ಟು ಕೆಳಗೆ ಜೋತು, ಸವೆದು ತೆಳ್ಳಗಾಗಿತ್ತು. ಯಾವ ಆವಿಗೆಗಾದರೂ ಮೇಲೆ ಬಿಸಿ ಹೋಗಲು ಒಂದು ಕಣ್ಣು ಇರಬೇಕು, ಅದು ಇಲ್ಲದೆ ಬೆಂಕಿ ಆರುವುದಿಲ್ಲ. ನೇರಳೆ ಗುಡಾಣವನ್ನು ಎತ್ತಿ ಅದರ ಕಂಠವನ್ನು ಮುಸುಕಿನೊಳಗೆ ಸಿಕ್ಕಿಸಿ ಮೇಲಕ್ಕೆ ಒತ್ತಿದಳು. ಪದರದ ಮೇಲೆ ಪದರ ಬಿಚ್ಚಿಕೊಂಡಿತು. ಗುಡಾಣದ ತಳದ ಹೆಬ್ಬೆರಳಿನಷ್ಟು ತೂತಿನಿಂದ ಒಳಗಿನ ಬಿಸಿ ಸುಯ್ಯೆಂದು ಮೇಲೇರಿತು. ಅವಳು ತೂತಿಗೆ ಕಣ್ಣಿಟ್ಟು ನೋಡಿದಳು. ಹಗಲಲ್ಲೂ ಕಪ್ಪಾದ ಆಕಾಶ, ಅದರಲ್ಲಿ ಒಂದೇ ಒಂದು ನೀಲಿ ಚುಕ್ಕಿ. ಅದು ತನ್ನ ಊರೆಂದು ಅವಳಿಗೆ ತಿಳಿಯಿತು.

ಬೆನ್ನ ಹಿಂದೆ ಹಲ್ಲು ಕಟಕಟ ಎಂದಿತು.

"ಬೆಚ್ಚಗಿದ್ದೀಯಾ?" ಬಿಲ್ಲನದೇ ದನಿ. ತಿರುಗಿದಳು. ನೂರು ಮುಸುಕು ಸುತ್ತಿಕೊಂಡ ಮರದೆತ್ತರದ ಆಕಾರ, ಮೇಲೆ ಕೆಂಪಗೆ ಕಾದ ಒಂದು ಮುಖ. ಅಂಥ ಉರಿಯಲ್ಲೂ ಅವನ ತುಟಿಗಳು ಚಳಿಗೆ ನಡುಗುತ್ತಿದ್ದವು. ಮುಖ ಅವಳ ಮುಖದ ಹತ್ತಿರಕ್ಕೆ ಬಂತು. ಅವಳ ಕೆನ್ನೆಯ ಮಣ್ಣು ಒಣಗಿ ಒಂದು ಬಿರುಕು ಬಿಟ್ಟಿತು. "ಹೇಳು ಅಕ್ಕ. ಬೆಚ್ಚಗಿದ್ದೀಯಾ?"

ಹೂಂ ಎಂದರೆ ಬಿಸಿ ಕಸಿಯುತ್ತಾನೆ, ಇಲ್ಲ ಎಂದರೆ ಮುಸುಕಿನೊಳಗೆ ಎಳೆಯುತ್ತಾನೆ. ನೇರಳೆ ತುಟಿ ಬಿಚ್ಚಲಿಲ್ಲ.

ಆಗ ಮುಸುಕರಾಯನಿಗೆ ತಂಗಾಳಿಯ ಒಂದು ಎಳೆ ತಾಗಿತು. ಅವನು ತಲೆಯೆತ್ತಿ ಮುಸುಕಿಗೆ ಬಿದ್ದ ಕಣ್ಣನ್ನು ಕಂಡ. ಅವನ ಬಾಯಿಂದ ಬಂದ ಕೂಗು ಯಾರ ದನಿಯೂ ಆಗಿರಲಿಲ್ಲ, ಅವನದೇ ಆಗಿತ್ತು. ಹೋಗುತ್ತಿರುವ ಬಿಸಿಯನ್ನು ತಡೆಯಲು ಅವಸರ ಮಾಡಿ ತನ್ನ ಮುಖವನ್ನೇ ಆ ತೂತಿಗೆ ಒತ್ತಿ ಹಿಡಿದ. ಸಾವಿರ ವರ್ಷ ಕಾದ ಮುಖ, ಎದುರಿಗೆ ಆಕಾಶದ ಚಳಿ. ಠಣ್ಣೆಂದಿತು. ಹಣೆಯಿಂದ ಕಾಲಿನವರೆಗೆ ಸೀಳಿ, ಒಡೆದ ಮಡಕೆಯ ಬೋಕಿಗಳಾಗಿ ಬೆಟ್ಟದ ಮೇಲೆ ಉದುರಿದ.

ಹೆದರಿಕೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮಾಂತ್ರಿಕ ಹೋದ, ಬಿಸಿ ಹೋಗಿರಲಿಲ್ಲ. ನೇರಳೆ ಗುಡಾಣವನ್ನು ಎಳೆದು ಮುಸುಕನ್ನು ಸರ್ರನೆ ಹರಿದುಬಿಡಬಹುದಿತ್ತು. ಅವಳ ಮಣ್ಣು ಒಣಗುತ್ತಿತ್ತು, ಹರಿದರೆ ಅವಳು ಉಳಿಯುತ್ತಿದ್ದಳು, ಕಲ್ಲುಗಳು ಉಳಿಯುತ್ತಿರಲಿಲ್ಲ. ಅವಳು ತೂತನ್ನು ಹಾಗೇ ಬಿಟ್ಟು ಕೆಳಗಿಳಿದು ಬಿಲ್ಲನ ಪಕ್ಕದಲ್ಲಿ ಕೂತಳು.

"ಅಕ್ಕ, ಈಗಲಾದರೂ ಎತ್ತು."

ಅವಳು ಅಂಗೈಯಿಟ್ಟು ನೋಡಿ ಕೈ ಹಿಂದಕ್ಕೆ ತೆಗೆದಳು.

"ಏನು ಮಾಡಿದೆ ಅಂತ ಈ ಶಿಕ್ಷೆ? ಅಕ್ಕ, ನಿನಗೆ ಕೇಳಿಸ್ತಿಲ್ಲವಾ?"

ಅಲ್ಲಿ ಹಗಲು ಬೇಗ ಮುಗಿಯುವುದಿಲ್ಲ, ಹೊತ್ತು ಲೆಕ್ಕ ಹಾಕಲು ಏನೂ ಇಲ್ಲ. ನೇರಳೆ ಮೈಮೇಲಿನ ಬಿರುಕುಗಳನ್ನು ನೋಡುತ್ತ ಕೂತಳು. ಮೊದಲು ಕೆನ್ನೆ, ಆಮೇಲೆ ಮೊಣಕೈ, ಆಮೇಲೆ ಬೆನ್ನು. ಬಿಲ್ಲ ಬೇಡಿದ. ಬೈದ. ಚಿಕ್ಕಂದಿನಲ್ಲಿ ಅವಳು ಹಾಡುತ್ತಿದ್ದ ಜೋಗುಳ ನೆನಪಿಸಿ ಅತ್ತ. "ನೀನು ನನ್ನ ಅಕ್ಕನೇ ಅಲ್ಲ" ಎಂದ. ಅವಳು ಒಂದೊಂದು ಮಾತಿಗೂ ತುಟಿ ಕಚ್ಚಿಕೊಂಡಳು. ಆಗಾಗ ಅಂಗೈಯಿಟ್ಟು ಕಲ್ಲಿನ ಬಿಸಿ ನೋಡಿದಳು. ಇನ್ನೂ ಇಲ್ಲ. ಇನ್ನೂ ಇಲ್ಲ. ಕಾಲಿನ ಬೆರಳುಗಳು ಮರಗಟ್ಟಿದವು. ಆಮೇಲೆ ಮೊಣಕಾಲಿನ ತನಕ ಕಾಲು ತನ್ನದೆಂದು ಅನ್ನಿಸದಾಯಿತು. ತಾನು ಕಲ್ಲಾಗುತ್ತಿದ್ದೇನೆಂದು ತಿಳಿದು ಅವಳಿಗೆ ಅತೀವ ಭಯವಾಯಿತು. ಆದರೂ ಎತ್ತಲಿಲ್ಲ.

ಎದೆಯ ಮಣ್ಣು ಬಿರುಕು ಬಿಡುವ ಹೊತ್ತಿಗೆ ಅವಳ ಕೈಮೇಲೆ ಏನೋ ಬಿತ್ತು. ನೋಡಿದಳು. ಒಂದು ಹನಿ ನೀರು.

ಸಾವಿರ ವರ್ಷ ನಡುವಿನಲ್ಲೇ ಆವಿಯಾಗಿ ಹೋಗುತ್ತಿದ್ದ ಮಳೆ ಮೊದಲ ಸಲ ನೆಲ ಮುಟ್ಟಿತ್ತು. ಅದರಲ್ಲಿ ಹುಳಿಯಿರಲಿಲ್ಲ. ಇನ್ನೊಂದು ಹನಿ ಬಿತ್ತು. ಆಮೇಲೆ ಹೊಯ್ಯಿತು. ಅವಳ ಮೈಯ ಮಣ್ಣು ಮೆತ್ತಗಾಯಿತು, ಬಿರುಕುಗಳು ಕೂಡಿಕೊಂಡವು, ಕಾಲಿಗೆ ಜೀವ ಬಂತು. ಕೆಮ್ಮಣ್ಣುಸೀಮೆಯ ಅರಮನೆಯಲ್ಲಿ ಶಂಖದೊಳಗಿಂದ ಮಳೆ ಸುರಿಯುವ ಸದ್ದು ಬಂತು. ರಾಜ ಸಿಂಹಾಸನದಿಂದೆದ್ದು ಶಂಖಕ್ಕೆ ಕಿವಿಯಿಟ್ಟು ಮಕ್ಕಳ ಹಾಗೆ ಅತ್ತನಂತೆ.

ನೇರಳೆ ಮತ್ತೊಮ್ಮೆ ಕಲ್ಲಿನ ಮೇಲೆ ಅಂಗೈ ಇಟ್ಟಳು. ಮಗುವಿನ ಮೈಯಷ್ಟೇ ಬಿಸಿಯಿತ್ತು. ಎರಡೂ ಕೈಯಿಂದ ಮೆಲ್ಲಗೆ ಎತ್ತಿದಳು. ಎತ್ತಿದ ಕೈಯಲ್ಲಿ ಕಲ್ಲು ಬಿಲ್ಲನಾಯಿತು. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ. ಸುತ್ತಲಿನ ಚಪ್ಪಡಿಗಳೆಲ್ಲ ಒಂದೊಂದಾಗಿ ಎದ್ದು ಕೂತವು, ಏಳು ಜನ, ಹತ್ತು ಜನ, ಹೆಸರು ಗೊತ್ತಿಲ್ಲದ ಹಳೆಯ ಕಾಲದ ಎಷ್ಟೋ ಜನ. ಸೀಳಿದ ಆ ಒಬ್ಬ ಮಾತ್ರ ಏಳಲಿಲ್ಲ. ಅವನ ಗೆಳೆಯ ಅವನನ್ನು ಎದೆಗಪ್ಪಿಕೊಂಡ.

ಬಿಲ್ಲ ಅಕ್ಕನ ಮುಖ ನೋಡಿದ. "ನಾನು ಕೂಗಿದ್ದು ನಿನಗೆ ಕೇಳಿಸಲಿಲ್ಲವಾ?" ಎಂದು ಕೇಳಿದ.

ಮಡಕೆ ಹೊರಗೆ ಬಂದಿತ್ತು. ನೇರಳೆ ತುಟಿಯ ಮಣ್ಣು ಒರೆಸಿಕೊಂಡಳು.

"ಕೇಳಿಸ್ತು ಕಣೋ. ಒಂದೊಂದೂ ಕೇಳಿಸ್ತು."

ಬಿಲ್ಲ ಅಕ್ಕನ ಮಡಿಲಲ್ಲಿ ತಲೆಯಿಟ್ಟು, ಮಳೆಯಲ್ಲಿ ನೆನೆಯುತ್ತ ಹಾಗೇ ಮಲಗಿದ.

ತೆಳುವಾದ ಮುಸುಕು ಬೆಳ್ಳನೆ ಮೋಡವಾಗಿ ಹರಡಿ, ಅದರ ಸೆರಗು ಗುಡ್ಡದವರೆಗೆ ದಾರಿಯಾಯಿತು. ಹಳೆಯ ಕಾಲದವರು ತಮ್ಮ ಬೆಳ್ಳಿನಾಡಿನಲ್ಲೇ ಉಳಿದರು, ಮಿಕ್ಕವರೆಲ್ಲ ಆ ದಾರಿಯಲ್ಲಿ ಊರಿಗೆ ನಡೆದು ಬಂದರು. ರಾಜ ಏನು ಬೇಕೆಂದು ಕೇಳಿದ್ದಕ್ಕೆ ನೇರಳೆ ಒಂದು ಹಂಡೆ ನೀರು ಕೇಳಿದಳು. ಮೈಯ ಮಣ್ಣನ್ನು ಚೂರೂ ಬಿಡದೆ ತೊಳೆದು, ನೀರು ತಿಳಿಯಾಗಿ ಮಣ್ಣು ತಳಕ್ಕಿಳಿದ ಮೇಲೆ ಉಂಡೆ ಕಟ್ಟಿ ತೊಟ್ಟಿಗೆ ಹಾಕಿದಳು. ಒಂಬತ್ತು ತಲೆಮಾರಿನ ಮಣ್ಣಿಗೆ ಬೆಳ್ಳಿನಾಡಿನ ಮಣ್ಣೂ ಒಂದು ಚಿಟಿಕೆ ಸೇರಿತು. ಬಿಲ್ಲ ಕುದುರೆಪಡೆ ಬಿಟ್ಟು ತಿಗರಿಯ ಮುಂದೆ ಕೂತ. ದಿನವೆಲ್ಲ ಹರಟುತ್ತಿದ್ದ, ಆವಿಗೆಗೆ ಬೆಂಕಿಯಿಟ್ಟರೆ ಮಾತ್ರ ಅವನಷ್ಟು ಮೌನಿ ಸೀಮೆಯಲ್ಲೇ ಇರಲಿಲ್ಲ.

ಬೆಳ್ಳಿನಾಡಿನ ಹೊಳೆಗಳು ಹರಿದವು, ಕೆಮ್ಮಣ್ಣುಸೀಮೆಯ ಬಾವಿಗಳು ತಣ್ಣಗಾದವು, ಎರಡು ನಾಡಿನವರೂ ಹೊಟ್ಟೆ ತುಂಬ ಉಂಡು, ಸಂಜೆ ತಂಪಾದಾಗ ಜಗಲಿಗೆ ಬಂದು ಕೂತು ಬಹುಕಾಲ ಸುಖವಾಗಿ ಬಾಳಿದರು. ಬೆಚ್ಚಗಿದ್ದೀಯಾ ಎಂದು ಮಾತ್ರ ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಬಂದವರ ಕೈ ಹಿಡಿದು ನೋಡುತ್ತಾರೆ, ತಣ್ಣಗಿದ್ದರೆ ಒಳಗೆ ಕರೆಯುತ್ತಾರೆ.